ಗರ್ಭಕೊರಳಿನ ತಪಾಸಣೆಗೆ ಕಂಪ್ಯೂಟರಿನ ಕಣ್ಣು



ಸಭೆಯಲ್ಲಿ ಸಾಲ, ಉಳಿತಾಯ ಎಲ್ಲಾ ಮಾತಾಡ್ತೇವೆ. ಗರ್ಭಕೋಶದ ಮಾತು ಬಂದರೆ ಮಾತ್ರ ತಲೆ ತಗ್ಗಿಸ್ತೇವೆ. ಗರ್ಭಕೋಶದ ಬಾಯಿಗೆ, ಅಂದರೆ ಗರ್ಭಕೊರಳಿಗೆ ಬರುವ ಕ್ಯಾನ್ಸರ್ ಮೊದಲಿಗೆ ನೋವು ಕೊಡುವುದಿಲ್ಲ. ಬೇಗ ಗೊತ್ತಾದರೆ ತಡೆಯಬಹುದು.

ತಪಾಸಣೆ ಹೇಗೆ? ನರ್ಸ್ ಅಥವಾ ಡಾಕ್ಟರ್ ಗರ್ಭಕೊರಳಿಗೆ ವಿನೆಗರ್‌ನಂಥ ದ್ರಾವಣ ಹಚ್ಚಿ, ಒಂದು ನಿಮಿಷ ಬಿಟ್ಟು ನೋಡುತ್ತಾರೆ. ಬಿಳಿ ಕಲೆ ಕಂಡರೆ ಮುಂದಿನ ಪರೀಕ್ಷೆ ಬೇಕು. ಆದರೆ ಎಲ್ಲಾ ಬಿಳಿ ಕಲೆಯೂ ರೋಗವಲ್ಲ. ನೋಡುವವರ ಕಣ್ಣು ತಪ್ಪಬಹುದು.

ಇದಕ್ಕೆ ಕೃತಕ ಬುದ್ಧಿಮತ್ತೆ ನೆರವಾದೀತೇ? ಕೋಸ್ಟರಿಕಾ ದೇಶದಲ್ಲಿ 1990ರ ದಶಕದಲ್ಲಿ ಶುರುವಾದ ಅಧ್ಯಯನದಲ್ಲಿ 9,400ಕ್ಕೂ ಹೆಚ್ಚು ಹೆಂಗಸರ ಗರ್ಭಕೊರಳಿನ ಫೋಟೋ ತೆಗೆದಿದ್ದರು. ಮುಂದೆ ಯಾರಿಗೆ ತೊಂದರೆ ಬಂತೆಂಬ ದಾಖಲೆಯೂ ಇತ್ತು. ಅಮೆರಿಕದ ವಿಜ್ಞಾನಿಗಳು ಇವನ್ನೇ ತೋರಿಸಿ ಕಂಪ್ಯೂಟರಿಗೆ ಕಲಿಸಿದರು. 2019ರ ವರದಿಯಂತೆ, ಫೋಟೋ ನೋಡಿ ಗುರುತಿಸುವುದರಲ್ಲಿ ಅದು ತಜ್ಞರನ್ನೂ ಮೀರಿಸಿತು. ಆದರೆ ಫೋಟೋ ಮಸುಕಾದರೆ, ಕ್ಯಾಮೆರಾ ಬೇರೆಯಾದರೆ ಅದೂ ತಪ್ಪುತ್ತದೆ. ಡಾಕ್ಟರ್ ಬೇಕೇ ಬೇಕು.

ಮನೆಯಲ್ಲೇ ಕೂತವರನ್ನು ಯಾವ ಯಂತ್ರವೂ ನೋಡಲಾರದು. 30ರಿಂದ 65 ವರ್ಷದವರು 5 ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಒಬ್ಬರೇ ಹೋಗಲು ನಾಚಿಕೆಯೇ? ಸಂಘದವರೆಲ್ಲ ಒಟ್ಟಿಗೇ ಹೋಗೋಣ.