ಮೊದಲ ಐದು ಸಾವಿರ ಯಾರ ಜೇಬಿನಿಂದ?

ಕಾರಿನ ಪಾಲಿಸಿ ನವೀಕರಿಸುವಾಗ ಎಷ್ಟೋ ಜನ ಓದದೆಯೇ ದಾಟಿಬಿಡುವ ಸಾಲು ‘ವಾಲಂಟರಿ ಡಿಡಕ್ಟಬಲ್’. ಅಪಘಾತವಾದರೆ ರಿಪೇರಿ ಬಿಲ್ಲಿನ ಮೊದಲ ಇಷ್ಟು ರೂಪಾಯಿ ನನ್ನದು ಎಂದು ಒಪ್ಪಿಕೊಂಡರೆ, ಸ್ವಂತ ಹಾನಿಯ ಪ್ರೀಮಿಯಂನಲ್ಲಿ ರಿಯಾಯಿತಿ ಸಿಗುತ್ತದೆ. 1500 ಸಿಸಿವರೆಗಿನ ಕಾರಿಗಿರುವ 1,000 ರೂಪಾಯಿ ಕಡ್ಡಾಯ ಕಡಿತದ ಮೇಲೆ ಇದು ಸೇರುತ್ತದೆ. ಭಾರತದ ಮೋಟಾರು ಟ್ಯಾರಿಫಿನ ಪಟ್ಟಿಯಂತೆ 2,500ರ ಡಿಡಕ್ಟಬಲ್‌ಗೆ ಗರಿಷ್ಠ ರಿಯಾಯಿತಿ 750 ರೂಪಾಯಿ. 5,000ಕ್ಕೆ 1,500, 7,500ಕ್ಕೆ 2,000, 15,000ಕ್ಕೆ 2,500. ಒಟ್ಟು ಮೊತ್ತ ನೋಡಿ ಮರುಳಾಗದೆ, ಒಂದೊಂದು ಮೆಟ್ಟಿಲಿಗೆ ಹೆಚ್ಚುವ ಹೊರೆ ಮತ್ತು ಉಳಿತಾಯವನ್ನು ತೂಗಿ ನೋಡಿ ಎನ್ನುತ್ತದೆ ನಿರ್ಧಾರ ಸಿದ್ಧಾಂತ. 2,500ರಿಂದ 5,000ಕ್ಕೆ ಏರಿದರೆ 2,500ರ ಹೊರೆಗೆ ವರ್ಷಕ್ಕೆ 750 ಉಳಿತಾಯ. ಹತ್ತು ವರ್ಷದಲ್ಲಿ ಮೂರಕ್ಕಿಂತ ಕಡಿಮೆ ಕ್ಲೇಮ್ ಇರುವವರಿಗೆ ಲಾಭ. 7,500ರಿಂದ 15,000ಕ್ಕೆ ಏರಿದರೆ 7,500ರ ಹೊರೆಗೆ ಬರೀ 500. ಹದಿನೈದು ವರ್ಷಕ್ಕೆ ಒಂದೇ ಕ್ಲೇಮ್ ಆದರೂ ಉಳಿದದ್ದೆಲ್ಲ ಅಲ್ಲಿಗೇ ಹೋಯಿತು. ಹಾಗಾಗಿ ನಿಧಾನವಾಗಿ ಓಡಿಸುವ, ಕೈಯಲ್ಲಿ ಒಂದಿಷ್ಟು ಹಣವಿರುವ ಕುಟುಂಬಕ್ಕೆ 5,000 ಅಥವಾ 7,500 ಸರಿಯಾದ ಜಾಗ ಎಂಬುದು ನನ್ನ ವಾದ.

ಬಂಪರ್ ಒಡೆದರೆ ಐದು ಸಾವಿರ ಕೈಬಿಟ್ಟು ಹೋಗುತ್ತದಲ್ಲ ಎಂಬ ಆಕ್ಷೇಪ ಸಹಜ. ಆದರೆ ಅಂಥ ಸಣ್ಣ ರಿಪೇರಿಯ ಹಣ ಈಗಲೂ ಹೋಗುವುದು ನಿಮ್ಮ ಜೇಬಿನಿಂದಲೇ. ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯಾದ ನೋ ಕ್ಲೇಮ್ ಬೋನಸ್ಸನ್ನು ಶೇ. 50ರವರೆಗೆ ಗಳಿಸಿದವರು ಒಮ್ಮೆ ಕ್ಲೇಮ್ ಮಾಡಿದರೆ ಅದು ಸೊನ್ನೆಗಿಳಿದು, ಮತ್ತೆ 20, 25, 35, 45 ಎಂದು ಏರಬೇಕು. ಬೋನಸ್ಸಿಗೆ ಮುಂಚಿನ ಸ್ವಂತ ಹಾನಿಯ ಪ್ರೀಮಿಯಂ 10,000 ರೂಪಾಯಿಯಲ್ಲೇ ನಿಂತಿತೆಂದುಕೊಂಡರೂ, ಐದು ವರ್ಷದಲ್ಲಿ ಕಳೆದುಕೊಳ್ಳುವುದು 12,500. ಎಂಟು ಸಾವಿರದ ಡೆಂಟಿಂಗ್, ಪೇಂಟಿಂಗ್ ಕೆಲಸಕ್ಕೆ ತಿಳಿದವರು ಕ್ಲೇಮ್ ಮಾಡುವುದೇ ಇಲ್ಲ. ಹೇಗೂ ಹೊರುವ ಹೊರೆಗೆ ರಿಯಾಯಿತಿ ಕೇಳಿ ಪಡೆಯುವುದರಲ್ಲಿ ತಪ್ಪೇನಿದೆ?

ನೆಮ್ಮದಿಗೆ ಬೆಲೆಯಿಲ್ಲವೇ ಎಂಬ ಪ್ರಶ್ನೆಗೆ ತೂಕವಿದೆ. ನಷ್ಟದ ನೋವು ಮೊತ್ತವನ್ನಷ್ಟೇ ಅಲ್ಲ, ಕಳೆದುಕೊಳ್ಳುವವರ ಆಸ್ತಿಯನ್ನೂ ಅವಲಂಬಿಸುತ್ತದೆ ಎಂದು ಗಣಿತಜ್ಞ ಡೇನಿಯಲ್ ಬರ್ನೌಲಿ 1738ರಲ್ಲೇ ವಿವರಿಸಿದ್ದ. ಕಾರು ನಜ್ಜುಗುಜ್ಜಾದರೆ ಸಂಸಾರವೇ ಅಲ್ಲಾಡುತ್ತದೆ, ವಿಮೆ ಬೇಕಾದದ್ದು ಅದಕ್ಕೆ. ಸಣ್ಣ ನಷ್ಟದ ಭಯಕ್ಕೆ ನಾವು ತೆರುವ ಬೆಲೆ ಮಾತ್ರ ವಿಪರೀತ. ಅಮೆರಿಕದ ಮನೆ ವಿಮೆಯನ್ನು ಪರಿಶೀಲಿಸಿದ ಜಸ್ಟಿನ್ ಸಿಡ್ನರ್ ಅವರ 2010ರ ಅಧ್ಯಯನದಲ್ಲಿ, ಡಿಡಕ್ಟಬಲ್ಲನ್ನು 1,000 ಡಾಲರಿನಿಂದ 500ಕ್ಕೆ ಇಳಿಸಲು ಜನ ಸುಮಾರು 100 ಡಾಲರ್ ಹೆಚ್ಚು ಕಟ್ಟುತ್ತಿದ್ದರು. ಕ್ಲೇಮ್ ಸಾಧ್ಯತೆ ಶೇ. 5ಕ್ಕಿಂತ ಕಡಿಮೆಯಿದ್ದುದರಿಂದ ಆ ರಕ್ಷಣೆಯ ನಿಜಬೆಲೆ 25 ಡಾಲರ್ ಕೂಡ ಇರಲಿಲ್ಲ. ಆದರೂ ತಿಂಗಳ ಕೊನೆಗೆ ಐದು ಸಾವಿರಕ್ಕೆ ಸಾಲ ಮಾಡಬೇಕಾದವರು, ಹೊಸದಾಗಿ ಸ್ಟಿಯರಿಂಗ್ ಹಿಡಿದವರು ಇದರ ತಂಟೆಗೆ ಹೋಗದಿರುವುದೇ ಮೇಲು. ಉಳಿದವರು ಡಿಡಕ್ಟಬಲ್ ಸೇರಿಸಿ ಒಂದು, ಸೇರಿಸದೆ ಒಂದು ಕೊಟೇಶನ್ ಕೇಳಲಿ. ಬೋನಸ್ ಕಳೆದ ಮೇಲೂ ಉಳಿಯುವ ವ್ಯತ್ಯಾಸವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಐದು ಸಾವಿರದ ಹೊರೆಗೆ ಅದು ಇನ್ನೂರು, ಮುನ್ನೂರಕ್ಕೆ ಇಳಿದಿದ್ದರೆ ಆ ರಿಯಾಯಿತಿ ಬೇಡ.