ರಾತ್ರಿ ಕಿರುಚಿದ್ದು ಯಾರು?

ನಡುರಾತ್ರಿ ಪಾಳು ಗುಡಿಯಿಂದ ಕಿರುಚಿದ ಸದ್ದು. ಆಮೇಲೆ ಹಾವು ಬುಸುಗುಟ್ಟಿದ ಹಾಗೆ. ದೆವ್ವ ಅಂತೀರಾ? ಅಲ್ಲ, ಅದು ಕಣಜ ಗೂಬೆ.

ಎಲ್ಲ ಗೂಬೆಗಳೂ ಗೂಕ್ ಗೂಕ್ ಅನ್ನೋದಿಲ್ಲ. ಇದು ಕಿರುಚುತ್ತೆ. ಹಸಿದ ಮರಿಗಳು ಬುಸ್ ಬುಸ್ ಅಂತಾವೆ.

ಹಗಲು ಹೋಗಿ ಗೋಡೆಯ ಬುಡದಲ್ಲಿ ನೋಡಿ. ಕಪ್ಪು ಉಂಡೆಗಳು ಬಿದ್ದಿರುತ್ತವೆ. ಕಡ್ಡಿಯಿಂದ ಬಿಡಿಸಿ, ಕೈ ಹಚ್ಚಬೇಡಿ. ಒಳಗೆ ಇಲಿಯ ಕೂದಲು, ಮೂಳೆ, ಪುಟ್ಟ ತಲೆಬುರುಡೆ! ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತೆ. ಅರಗದ್ದನ್ನು ಉಂಡೆ ಮಾಡಿ ಉಗುಳುತ್ತೆ. ಮೇಲೆ ಸಂದಿಯಲ್ಲಿ ಬಿಳಿ ಮುಖ ಕಾಣಬಹುದು. ವೀಳ್ಯದೆಲೆಯ ಆಕಾರದ್ದು.

ಗೂಬೆ ಕೂಗಿದರೆ ಸಾವು ಅಂತ ಕೆಲವರು ಕಲ್ಲು ಹೊಡೀತಾರೆ. ನಮ್ಮ ರಾಗಿ, ಭತ್ತ ತಿನ್ನೋದು ಇಲಿ. ಆ ಇಲಿ ಹಿಡಿಯೋದು ಈ ಹಕ್ಕಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಗೂಬೆ ಕೊಲ್ಲುವುದು ಅಪರಾಧ.