ಚಿದಂಬರ ರಹಸ್ಯ: ಪರದೆಯ ಹಿಂದೆ ಯಾರು?

ತಮಿಳುನಾಡಿನ ಚಿದಂಬರದ ನಟರಾಜ ದೇಗುಲದಲ್ಲಿ ಒಂದು ಪರದೆ ಇದೆ. ಅದನ್ನು ಸರಿಸಿದರೆ ಕಾಣುವುದು ಮೂರ್ತಿಯಲ್ಲ; ಬರಿಯ ಬಯಲು ಮತ್ತು ಅಲ್ಲಿ ತೂಗುವ ಚಿನ್ನದ ಬಿಲ್ವಪತ್ರೆಯ ಮಾಲೆ. ಬಗೆಹರಿಯದ ಗುಟ್ಟಿಗೆ ‘ಚಿದಂಬರ ರಹಸ್ಯ’ ಎನ್ನುವ ರೂಢಿ ಬಂದದ್ದು ಇದರಿಂದ. ಪೂರ್ಣಚಂದ್ರ ತೇಜಸ್ವಿ ಅವರ ಇದೇ ಹೆಸರಿನ ಕಾದಂಬರಿ 1985ರಲ್ಲಿ ಪ್ರಕಟವಾಯಿತು. ರಾಜಕೀಯ, ವಿಜ್ಞಾನ, ಪತ್ತೇದಾರಿ ಮೂರನ್ನೂ ಒಂದೇ ಹಗ್ಗವಾಗಿ ಹೊಸೆದ ಈ ಕೃತಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಕಥೆ ನಡೆಯುವುದು ಮಲೆನಾಡಿನ ಕೆಸರೂರಿನಲ್ಲಿ. ಏಲಕ್ಕಿ ಇಳುವರಿ ಕುಸಿದಿದೆ. ಆ ಬೆಳೆಯ ಬಗ್ಗೆ ಸಂಶೋಧನೆ ನಡೆಸುತ್ತಿದ್ದ ವಿಜ್ಞಾನಿ ಜೋಗಿಹಾಳ್ ನಿಗೂಢವಾಗಿ ಸತ್ತಿದ್ದಾರೆ. ತನಿಖೆಗೆಂದು ಅಂಗಡಿ ಎಂಬ ಗುಪ್ತಚರ ಅಧಿಕಾರಿ ಊರಿಗೆ ಬರುತ್ತಾರೆ. ಈ ಕಲ್ಪನೆಗೆ ನೆಲದ ಆಧಾರವಿದೆ. ಏಲಕ್ಕಿಯನ್ನು ಕಾಡುವ ಕಟ್ಟೆ ರೋಗ ವೈರಸ್‌ನಿಂದ ಬರುವಂಥದು. ಸಸ್ಯಹೇನು ಅದನ್ನು ಹರಡುತ್ತದೆ. ಅದಕ್ಕೆ ಔಷಧಿಯಿಲ್ಲ, ರೋಗ ತಗುಲಿದ ಗಿಡವನ್ನು ಕಿತ್ತೆಸೆಯಬೇಕು. ಹೀಗಾಗಿ ವಿಜ್ಞಾನಿಯ ಸಾವು ಇಲ್ಲಿ ಬರಿಯ ಕೌತುಕವಲ್ಲ, ಬೆಳೆಗಾರನ ಅನ್ನದ ಪ್ರಶ್ನೆ.

ಕಾದಂಬರಿಯ ದೊಡ್ಡ ಬಲವೆಂದರೆ ಅಪರಾಧದ ಎಳೆ ಹಿಡಿದು ಇಡೀ ಊರನ್ನೇ ತೋರಿಸುವ ಬಗೆ. ಜಾತಿಯ ಲೆಕ್ಕಾಚಾರ, ಕಳ್ಳ ವ್ಯಾಪಾರ, ಕಾಲೇಜು ಹುಡುಗರ ಕ್ರಾಂತಿಯ ಮಾತು, ರಫಿ ಮತ್ತು ಜಯಂತಿಯರ ಪ್ರೇಮದ ಸುತ್ತ ಹೊಗೆಯಾಡುವ ಕೋಮುದ್ವೇಷ ಎಲ್ಲವೂ ನಗೆಯ ಲೇಪದೊಡನೆ ಬರುತ್ತವೆ. ಓದುಗ ನಗುತ್ತಲೇ ಬೆಚ್ಚುತ್ತಾನೆ.

ದೌರ್ಬಲ್ಯವೂ ಅಲ್ಲಿಯೇ ಇದೆ. ಪಾತ್ರಗಳು ಹೆಚ್ಚಿದಂತೆ ತನಿಖೆಯ ಬಿಗಿ ಸಡಿಲುತ್ತದೆ. ಜೋಗಿಹಾಳರ ಸಾವು ಹಿನ್ನೆಲೆಗೆ ಸರಿಯುತ್ತದೆ. ಅವರ ಸಂಶೋಧನೆಯೂ ಕಥೆಗೆ ನೆಪವಾಗಿ ಉಳಿಯುತ್ತದೆ. 1980ರ ‘ಕರ್ವಾಲೊ’ದಲ್ಲಿ ಹಾರುವ ಓತಿಯ ಹುಡುಕಾಟವೇ ಕಥೆಯಾಗಿತ್ತು, ಆ ಏಕಾಗ್ರತೆ ಇಲ್ಲಿಲ್ಲ. ಕೊನೆಗೆ ಊರನ್ನು ಆವರಿಸುವ ಬೆಂಕಿ ಉತ್ತರ ಕೊಡುವುದಿಲ್ಲ, ಪ್ರಶ್ನೆಗಳನ್ನೇ ಸುಟ್ಟುಬಿಡುತ್ತದೆ. ಕೊಲೆಗಾರನ ಹೆಸರಿಗಾಗಿ ಓದಿದವರಿಗೆ ನಿರಾಸೆ ಖಂಡಿತ. ಆದರೆ ಒಬ್ಬ ಅಪರಾಧಿ ಸಿಕ್ಕಿದ್ದರೆ ಉಳಿದವರೆಲ್ಲ ನಿರಪರಾಧಿಗಳಾಗಿಬಿಡುತ್ತಿದ್ದರು. ಪತ್ತೇದಾರಿಯಾಗಿ ಸೋಲುವ ಕಡೆಯಲ್ಲೇ ಅದು ರಾಜಕೀಯ ಕಾದಂಬರಿಯಾಗಿ ಗೆಲ್ಲುತ್ತದೆ.

ಈ ಮಾತು ಮಲೆನಾಡಿಗಷ್ಟೇ ಸಲ್ಲುವುದಲ್ಲ. ಕೃಷ್ಣಾ, ಭೀಮಾ ನದಿಗಳ ನಡುವಣ ವಡಗೇರಾ ಸೀಮೆಯಲ್ಲಿ ಏಲಕ್ಕಿ ಇಲ್ಲ. ಭತ್ತ, ಹತ್ತಿ, ತೊಗರಿ ಇವೆ. ಆದರೂ ಕೆಸರೂರಿನ ಕೃಷ್ಣೇಗೌಡರ ಮನೆಯ ಮೇಲೆ ಕಲ್ಲು ಬೀಳುವ ಪ್ರಸಂಗ ಓದಿದಾಗ ಇಲ್ಲಿಯವರಿಗೆ ಭಾನಾಮತಿಯ ನೆನಪಾಗದೆ ಇರದು. ಕಾರಣ ಹುಡುಕುವ ತಾಳ್ಮೆ ಇಲ್ಲದ ಕಡೆ ಗಾಳಿಮಾತೇ ಸಾಕ್ಷಿಯಾಗುತ್ತದೆ, ಅನುಮಾನಕ್ಕೆ ನೆರೆಮನೆಯವರೇ ಗುರಿಯಾಗುತ್ತಾರೆ. ಕಾದಂಬರಿಯ ಪರದೆ ಸರಿಸಿದರೆ ಅಲ್ಲಿ ಕಾಣುವುದು ಬಯಲಲ್ಲ, ನಮ್ಮದೇ ಊರು.